ಮೌಶಿ ಇಳಿಬಿಟ್ಟ ಎಳೆ

ಅಥವಾ ಮೌಶಿಯ ಬೆರಳಿನ ಬೂದಿ ಇದ್ದದ್ದು ಎಡಗೈಗೋ? ಬಲಗೈಗೇ ಇರಬೇಕು, ಯಾಕೆಂದರೆ ಡಬ್ಬಿ ಕೀಬೋರ್ಡಿನ ಬಲಕ್ಕಿರುತ್ತಿತ್ತು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಎಡಗೈ. ಹೆಬ್ಬೆರಳು, ಅದರ ಪಕ್ಕದ ಬೆರಳು, ಎರಡರ ತುದಿಗೂ ಬೂದಿಯ ಮಾಸಲು ಬಿಳುಪು. ಹೆಬ್ಬೆರಳಿನ ಒಳಮೈಯಲ್ಲಿ ಅಕ್ಕಿಕಾಳಿನಷ್ಟು ಅಗಲದ, ನುಣ್ಣಗೆ ಹೊಳೆಯುವ ಒಂದು ಜಡ್ಡು. ಆ ಜಡ್ಡಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಉಳಿದದ್ದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ನೆನಪಾಗುತ್ತಿರುವುದು ಅವರೋ ಅಥವಾ ನಾನು ಹೇಳಿದ ಮಾತೋ ತಿಳಿಯುವುದಿಲ್ಲ.

ಆ ಎರಡು ಬೆರಳಿನಿಂದ ಅವರು ಅರ್ಜಿಯ ಹಾಳೆಯ ಮೂಲೆ ಹಿಡಿಯುತ್ತಿದ್ದರು. ಹಿಡಿದು ಒಂದು ಸಲ ಹೊಸೆದು, ಒಂದೇ ಹಾಳೆಯೋ ಎರಡು ಅಂಟಿಕೊಂಡಿವೆಯೋ ನೋಡಿ, ಆಮೇಲೆ ತಿರುವುತ್ತಿದ್ದರು. ನಾವೆಲ್ಲ ಬೆರಳಿಗೆ ಎಂಜಲು ಹಚ್ಚುವವರು. ಅವರಿಗೆ ಅದು ಹೇಸಿಗೆ. ತಂಬಾಕು ತಿನ್ನುವವರ ಹತ್ತಿರ ಇರುವಂಥ ಸುಣ್ಣದ ಡಬ್ಬಿಯಲ್ಲಿ ಜರಡಿ ಹಿಡಿದ ಒಲೆಯ ಬೂದಿ ತರುತ್ತಿದ್ದರು. ನಮ್ಮ ಮಾಲೀಕರು ಒಮ್ಮೆ ಆ ಡಬ್ಬಿಯಿಂದ ಚಿಟಿಕೆ ತೆಗೆದು ತಂಬಾಕಿಗೆ ತಿಕ್ಕಿ ಬಾಯಿಗೆ ಹಾಕಿಕೊಂಡರು.

"ಮೌಶಿ, ಇದೇನ್ರಿ ಸುಣ್ಣ, ಚುರುಕ ಹತ್ತವಲ್ದು?"

"ಹತ್ತಂಗಿಲ್ರಿ ಸರ್. ಅದು ನಮ್ಮ ಮನಿ ಒಲಿ ಬೂದಿ."

ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ನಾವೆಲ್ಲ ಕರೆಯುತ್ತಿದ್ದುದು. ಬನಹಟ್ಟಿಯಿಂದ ಬರುತ್ತಿದ್ದರು. ಜಮಖಂಡಿಯಲ್ಲಿ, ಬೋರಿನ ಪೈಪು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಆಫೀಸು. ನಾನು ಮುಧೋಳದಿಂದ ಬಸ್ಸಿಗೆ ಬರುತ್ತಿದ್ದೆ. ಬಂದ ಮೊದಲ ದಿನ ಅವರನ್ನು ನೋಡಿ ಕಸ ಗುಡಿಸುವವರು ಎಂದುಕೊಂಡೆ. ನನ್ನ ಮೇಜು ಸ್ವಲ್ಪ ಒರೆಸಿ ಎಂದೂ ಹೇಳಿದೆ. ಅವರು ಒರೆಸಿದರು. ಒರೆಸಿ, ತಮ್ಮ ಕುರ್ಚಿಗೆ ಹೋಗಿ ಕುಳಿತು, ಪರದೆಯ ಮೇಲೆ ಕಣ್ಣಿಟ್ಟು, ಕೀಲಿಗಳ ಕಡೆ ಒಮ್ಮೆಯೂ ನೋಡದೆ ಕನ್ನಡ ಟೈಪು ಮಾಡತೊಡಗಿದರು. ಅಂಥ ವೇಗವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಒರೆಸಿದ್ದರ ಬಗ್ಗೆ ಅವರು ಮುಂದೆಂದೂ ಮಾತಾಡಲಿಲ್ಲ. ಪ್ರತಿ ಸೋಮವಾರ ಮಾತ್ರ ಬಟ್ಟೆ ತಂದು ನನ್ನ ಕೈಗೆ ಕೊಡುತ್ತಿದ್ದರು.

"ಸಾಯೇಬ್ರ, ಇವತ್ತ ನಿಮ್ಮ ಪಾಳಿ."

ಹನ್ನೆರಡನೆಯ ವಯಸ್ಸಿನಿಂದ ಅವರು ಮಗ್ಗದ ಮನೆಯಲ್ಲಿ ಕೆಚ್ಚುತ್ತಿದ್ದರು. ಕೆಚ್ಚುವುದು ಎಂದರೆ, ಮಗ್ಗದ ಮೇಲೆ ಉದ್ದಕ್ಕೆ ಹಾಯಿಸಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ ಬೆರಳಲ್ಲಿ ಹೊಸೆಯುವುದು. ಸಾವಿರಾರು ಎಳೆ. ಬೆರಳು ಜಾರದಿರಲೆಂದು ಬೂದಿ. ಆ ಜಡ್ಡು ಅದರಿಂದ ಬಂದದ್ದು. ಮಗಳು ಟೈಪಿಂಗ್ ಕಲಿಯಲು ಒಬ್ಬಳೇ ಹೋಗಲು ನಾಚಿದಳೆಂದು ಜೊತೆಗೆ ಹೋಗಿ ಕೂತರಂತೆ. ಮಗಳು ಮೂರನೇ ತಿಂಗಳು ಬಿಟ್ಟಳು, ತಾಯಿ ಪರೀಕ್ಷೆ ಕಟ್ಟಿ ಪಾಸಾದರು.

"ಅಕಿ ಕಲೀಲಿಲ್ಲಂದ್ರ ಏನಾತು," ಎನ್ನುತ್ತಿದ್ದರು. "ಫೀ ತುಂಬಿತ್ತಲ್ಲ, ಯಾರರೆ ಒಬ್ಬರು ಕಲೀಬೇಕಿತ್ತು."

ಆಗ ಜಿಲ್ಲೆ ಬೇರೆಯಾಗಿ ಹತ್ತು ವರ್ಷವಾಗಿತ್ತು, ಅಥವಾ ಆಗುವುದರಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲೂಕಿನ ನದಿದಂಡೆಯ ಊರುಗಳ ಮೇಲೆ ಬಂದು ನಿಂತಿತ್ತು. ಊರುಗಳು ಎತ್ತರದ ಮಡ್ಡಿ ನೆಲಕ್ಕೆ ಹತ್ತಿದ್ದವು. ನಮ್ಮ ಮಾಲೀಕರಿಗೆ ಸಿಕ್ಕ ಕೆಲಸ ಕೇಳುವುದಕ್ಕೆ ಸುಲಭವಾಗಿತ್ತು. ಯಾರ ಹೊಲ ನೀರಿಗೆ ಹೋಯಿತು ಎಂಬ ಪಟ್ಟಿ ಒಂದು ಕಚೇರಿಯ ಡೇಟಾಬೇಸಿನಲ್ಲಿತ್ತು. ಯಾರಿಗೆ ಹೊಸ ಊರಲ್ಲಿ ಮನೆಯ ಜಾಗ ಸಿಕ್ಕಿತು ಎಂಬ ಪಟ್ಟಿ ಇನ್ನೊಂದು ಕಚೇರಿಯ ಡೇಟಾಬೇಸಿನಲ್ಲಿತ್ತು. ಒಬ್ಬ ಮನುಷ್ಯನ ಹೆಸರು ಒತ್ತಿದರೆ ಹೋದ ಹೊಲ, ಬಂದ ಜಾಗ, ಎರಡೂ ಒಂದೇ ಪುಟದಲ್ಲಿ ಕಾಣಬೇಕು. ಅದನ್ನು ನಾನು ಜಾವಾದಲ್ಲಿ ಬರೆಯಬೇಕು.

ಜಾವಾದಲ್ಲಿ ಡೇಟಾಬೇಸಿನ ಪ್ರತಿ ಕೋಷ್ಟಕಕ್ಕೂ ಪ್ರತಿಯಾಗಿ ಒಂದು ಎಂಟಿಟಿ ಬರೆಯುತ್ತೇವೆ. ಕೋಷ್ಟಕದ ಒಂದು ಸಾಲು ಪ್ರೋಗ್ರಾಮಿನೊಳಗೆ ಬಂದಾಗ ಒಬ್ಬ ಮನುಷ್ಯನಂತೆ ನಡೆದುಕೊಳ್ಳುತ್ತದೆ: ಅವನಿಗೆ ಹೆಸರಿದೆ, ತಂದೆಯ ಹೆಸರಿದೆ, ಕೇಳಿದರೆ ಹೇಳುತ್ತಾನೆ. ಈ ಎಂಟಿಟಿ ಯಾವ ಡೇಟಾಬೇಸಿನದು ಎಂದು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು, ಎರಡು ಡೇಟಾಬೇಸುಗಳ ಜೊತೆಗೂ ಒಂದೇ ಪ್ರೋಗ್ರಾಮು ಮಾತಾಡುತ್ತದೆ. ಅಲ್ಲಿಯವರೆಗೆ ತೊಂದರೆ ಇಲ್ಲ. ಆದರೆ ಈ ಡೇಟಾಬೇಸಿನ ಮನುಷ್ಯನೂ ಆ ಡೇಟಾಬೇಸಿನ ಮನುಷ್ಯನೂ ಒಬ್ಬನೇ ಎಂದು ಪ್ರೋಗ್ರಾಮಿಗೆ ತಾನಾಗಿ ತಿಳಿಯುವುದಿಲ್ಲ. ಎರಡಕ್ಕೂ ಸಮಾನವಾದ ಒಂದು ನಂಬರ್ ಇದ್ದಿದ್ದರೆ ಅದನ್ನು ಹಿಡಿದು ಜೋಡಿಸಬಹುದಿತ್ತು. ಹೊಲದ ಪಟ್ಟಿಯವರು ಸರ್ವೆ ನಂಬರ್ ಇಟ್ಟುಕೊಂಡಿದ್ದರು, ಜಾಗದ ಪಟ್ಟಿಯವರು ಪ್ಲಾಟ್ ನಂಬರ್. ಹೀಗಾಗಿ ನಾನು ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಈ ನಾಲ್ಕೂ ಕೂಡಿದರೆ ಅವರು ಒಬ್ಬರೇ ಎಂದು ಬರೆದೆ. ಕೂಡುವವರು ಇಬ್ಬರು ಸಿಕ್ಕರೆ? ಮೊದಲನೆಯವನನ್ನು ತೆಗೆದುಕೊ ಎಂದು ಬರೆದೆ. ಅದು ಒಂದೇ ಒಂದು ಸಾಲು. ಬರೆಯುವಾಗ ಚಹಾ ಕುಡಿಯುತ್ತಿದ್ದೆ.

ಒಂದು ಊರಿನ ಪಟ್ಟಿಯನ್ನು ಹೀಗೆ ಜೋಡಿಸಿ ಕೊಟ್ಟೂ ಆಗಿತ್ತು. ಆಗ ಮೌಶಿ ಅರ್ಜಿಗಳನ್ನು ಟೈಪು ಮಾಡುತ್ತಿದ್ದರಷ್ಟೆ, ತಾಳೆ ನೋಡುವ ಕೆಲಸ ಅವರದಾಗಿರಲಿಲ್ಲ. ಎರಡನೆಯ ಊರಿಗೆ ಅವರನ್ನು ತಾಳೆ ನೋಡಲು ಹಾಕಿದರು. ನಾನು ಮುದ್ರಿಸಿ ಕೊಟ್ಟ ಪುಟವನ್ನು ಹಳೆಯ ಅರ್ಜಿಗಳ ಜೊತೆ ಹೋಲಿಸಿ, ಪ್ರತಿ ಪುಟದ ಕೆಳಗೆ ಚಿಕ್ಕ ಸಹಿ ಹಾಕಬೇಕು. ಸೋಮವಾರ ಕಟ್ಟು ಕಚೇರಿಗೆ ಹೋಗಬೇಕು. ಯಾರ ಹೆಸರೂ ಜೋಡಣೆಯಾಗದ ಜಾಗಗಳು ಖಾಲಿ ಎಂದು ಅದರಲ್ಲಿ ಬರುತ್ತಿದ್ದವು. ಖಾಲಿ ಇದ್ದದ್ದನ್ನು ಇನ್ನೂ ಜಾಗ ಸಿಗದವರಿಗೆ ಹಂಚುತ್ತೇವೆಂದು ಕಚೇರಿಯವರು ಹೇಳಿದ್ದರು.

ಶುಕ್ರವಾರ ಊಟದ ಹೊತ್ತು. ಮೌಶಿಯ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅವರು ರೊಟ್ಟಿ ಮುರಿಯುವ ಸದ್ದಿಗೆ ನಾವೆಲ್ಲ ಕೈ ತೊಳೆಯಲು ಏಳುತ್ತಿದ್ದೆವು. ಅಂದು ಸದ್ದು ಬರಲಿಲ್ಲ.

"ತಮ್ಮಾ, ಇಲ್ಲಿ ಬಾ. ಈ ಬೀರಪ್ಪ ಒಬ್ಬಾಂವೋ, ಇಬ್ಬರೋ?"

"ಒಬ್ಬಾಂವ್ರಿ ಮೌಶಿ. ಸರ್ವೆ ನಂಬರ್ ಎರಡ ಅದಾವ, ಮನಷ್ಯಾ ಒಬ್ಬಾಂವ."

"ಯಾರ ಹೇಳ್ಯಾರ?"

"ಹೆಸರ ಒಂದ, ಅಪ್ಪನ ಹೆಸರ ಒಂದ, ಅಡ್ಡಹೆಸರ ಒಂದ, ಊರ ಒಂದ. ಇನ್ನೇನ ಬೇಕ್ರಿ?"

ಅವರು ಎರಡು ಅರ್ಜಿಗಳನ್ನು ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಬೀರಪ್ಪ ಮಾಳಪ್ಪ. ಒಂದರ ಕೆಳಗೆ ಶಾಲೆ ಹುಡುಗರ ಅಕ್ಷರದಂಥ ಸಹಿ. ಇನ್ನೊಂದರ ಕೆಳಗೆ ಹೆಬ್ಬೆಟ್ಟಿನ ಗುರುತು, ಅದರ ನಡುವೆ ಅಡ್ಡಕ್ಕೆ ಒಂದು ಬಿಳಿಯ ಗೆರೆ.

"ಒಂದ ದಿನ ಸಹಿ ಮಾಡಿರ್ತಾನ, ಒಂದ ದಿನ ಹೆಬ್ಬಟ್ಟ ಒತ್ತಿರ್ತಾನ," ಎಂದೆ.

ಮೌಶಿ ನನ್ನ ಮುಖ ನೋಡಿದರು. "ಸಹಿ ಕಲ್ತಾಂವ ಮತ್ತ ಹೆಬ್ಬಟ್ಟ ಒತ್ತಂಗಿಲ್ಲ. ನಮ್ಮ ಮನಿಯವ್ರು ನಲವತ್ತ ವರ್ಷದ ಮ್ಯಾಲ ಸಹಿ ಕಲ್ತ್ರು. ಬಲಗೈಗೆ ಪಟ್ಟಿ ಕಟ್ಟಿದ್ದಾಗ ಎಡಗೈಲೆ ಗೀಚಿದ್ರು, ಹೆಬ್ಬಟ್ಟ ಕೊಡಲಿಲ್ಲ. ಮನಿಯಾಗ ನಾನೂ ನೋಡಾಕತ್ತಿದ್ನಲ್ಲ."

ನಾನು ಕಂಪ್ಯೂಟರಿಗೆ ಹೋಗಿ ಹುಡುಕಿದೆ. ಜಾಗದ ಪಟ್ಟಿಯಲ್ಲೂ ಬೀರಪ್ಪ ಮಾಳಪ್ಪ ಎರಡು ಸಲ ಇದ್ದ, ಪ್ಲಾಟ್ 37, ಪ್ಲಾಟ್ 112. ನನ್ನ ಆ ಒಂದು ಸಾಲು ಎರಡು ಹೊಲಗಳನ್ನೂ 37ಕ್ಕೆ ತಂದು ಕಟ್ಟಿತ್ತು. 112ರ ಮುಂದೆ ಖಾಲಿ ಎಂದು ಬರುತ್ತಿತ್ತು. ಇಬ್ಬರು ಇದ್ದದ್ದೇ ನಿಜವಾದರೆ, ಸೋಮವಾರದ ನಂತರ ಒಬ್ಬನ ಜಾಗ ಬೇರೆಯವರದಾಗುತ್ತದೆ.

ಇಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಮೌಶಿ ಅಲ್ಲೇ ಆಫೀಸಿನಲ್ಲಿ, ಸೆರಗಿನ ಅಂಚಿನಿಂದ ಎರಡು ಎಳೆ ಕಿತ್ತು ನನಗೆ ತೋರಿಸುತ್ತಾರೆ. ಇನ್ನೊಂದರಲ್ಲಿ ನಾನು ಅವರ ಬನಹಟ್ಟಿಯ ಮನೆಯಲ್ಲಿ ಮಗ್ಗದ ಪಕ್ಕ ನಿಂತಿದ್ದೇನೆ, ಸದ್ದಿಗೆ ಅವರು ನನ್ನ ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದಾರೆ. ಮಾತು ಮಾತ್ರ ಎರಡರಲ್ಲೂ ಒಂದೇ. ಆ ಶುಕ್ರವಾರ ನಾನು ಬನಹಟ್ಟಿಗೆ ಹೋಗಿರಲಿಲ್ಲ, ಆದ್ದರಿಂದ ಮೊದಲನೆಯದೇ ಸರಿ ಎನ್ನಬೇಕು. ಆದರೆ ಎರಡು ಸಿಕ್ಕಾಗ ಮೊದಲನೆಯದನ್ನು ತೆಗೆದುಕೊಳ್ಳುವ ನನ್ನ ಚಟ ಗೊತ್ತಿರುವುದರಿಂದ ಎರಡನ್ನೂ ಬರೆದಿದ್ದೇನೆ.

"ಹಳೇ ಹಾಸಿನಾಗ ಎಳಿ ಒಂದ ಉಳದೈತಿ, ಹೊಸಾದ್ರಾಗ ಎರಡ ಬಂದಾವು ಅಂತ ತಿಳಿ. ಏನ ಮಾಡ್ತಿ?"

"ಒಂದಕ್ಕ ಜೋಡಸ್ತೀನ್ರಿ."

"ಯಾವುದಕ್ಕ?"

"ಮುಂದ ಇದ್ದದ್ದಕ್ಕ."

"ಅದಕ್ಕ ನೀ ನೇದ ಸೀರಿ ಯಾರೂ ಉಡಂಗಿಲ್ಲ." ಆಮೇಲೆ ಎಳೆಯನ್ನು ಬೆರಳಿಗೆ ಸುತ್ತುತ್ತ ಹೇಳಿದರು. "ಗೊತ್ತಾಗ್ಲಿಲ್ಲಂದ್ರ ಇಳಿಬಿಡಬೇಕು ತಮ್ಮಾ. ತುದಿಗಿ ಗಂಟ ಹಾಕಿ ಪಕ್ಕಕ್ಕ ಇಳಿಬಿಡಬೇಕು. ಜೋತಾಡೂದು ಕಂಡ್ರ ಯಾರರೆ ಬಂದು ನೋಡ್ತಾರ. ಸುಮ್ನ ಒಂದಕ್ಕ ಹೊಸೆದ ಬಿಟ್ರ ಅರಿವಿ ಒಳಗ ಹೋಗ್ತೈತಿ, ಆಮ್ಯಾಲ ದೇವರಿಗೂ ಕಾಣಂಗಿಲ್ಲ."

ಮಾಲೀಕರು ಒಳ್ಳೆಯವರೇ. ಆದರೆ ಸೋಮವಾರ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. "ಇಡೀ ಊರಾಗ ಒಂದ ಹೆಸರಿನ ಸಲುವಾಗಿ ಕಟ್ಟ ತಡಿಯೂದೇನ್ರಿ ಮೌಶಿ? ಆಮ್ಯಾಲ ತಿದ್ದಿದ್ರಾತು. ಸಹಿ ಹಾಕ್ರಿ."

"ಆ ಪುಟಕ್ಕ ನಾ ಹಾಕಂಗಿಲ್ರಿ ಸರ್."

"ಬ್ಯಾರೇದವ್ರ ಕಡಿ ಹಾಕಸ್ತೀನಿ."

"ಹಾಕಸ್ರಿ." ಅವರು ಬೂದಿಯ ಡಬ್ಬಿಯ ಮುಚ್ಚಳ ಹಾಕಿ ಚೀಲದಲ್ಲಿಟ್ಟುಕೊಂಡರು. ಅಷ್ಟೇ. ಎದ್ದು ನಿಲ್ಲಲೂ ಇಲ್ಲ. ಡಬ್ಬಿ ಚೀಲಕ್ಕೆ ಹೋಯಿತೆಂದರೆ ಕೆಲಸ ಬಿಟ್ಟಂತೆ ಎಂದು ಮಾಲೀಕರಿಗೆ ತಿಳಿಯಿತು. "ಇನ್ನೂ ಎರಡ ದಿನ ಐತಿ, ಏನ ಮಾಡ್ತೀರಿ ಮಾಡ್ರಿ," ಎಂದರು. "ಸೋಮವಾರ ಅಂದ್ರ ಸೋಮವಾರ."

ಶನಿವಾರ ಬೆಳಿಗ್ಗೆ ನಾವಿಬ್ಬರೂ ಬೀಳಗಿ ಬಸ್ಸು ಹತ್ತಿದೆವು. ಕಬ್ಬಿನ ಹಂಗಾಮು. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ರಸ್ತೆ ತುಂಬಿ ನಡೆದಿದ್ದವು, ಅವುಗಳ ಹಿಂದೆ ನಮ್ಮ ಬಸ್ಸು. ನನ್ನ ತಪ್ಪಿನಿಂದಾದ ಪ್ರಯಾಣ ಎಂದು ನಾನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ಮೌಶಿ ಕಿಟಕಿಯಿಂದ ಕೈ ಚಾಚಿ ಪಕ್ಕಕ್ಕೆ ಬಂದ ಟ್ರೇಲರಿನಿಂದ ಒಂದು ಗಣಿಕೆ ಕಬ್ಬು ಎಳೆಯಲು ನೋಡಿ, ಕಂಡಕ್ಟರನಿಂದ ಬೈಸಿಕೊಂಡು, ನಕ್ಕರು.

"ನಿನ್ನ ವಯಸಿನಾಗ ನಾ ಒಂದ ಇಡೀ ಹಾಸು ತಪ್ಪ ಕೆಚ್ಚಿದ್ದೆ. ಒಂದ ಎಳಿ ಬಿಟ್ಟ ಮುಂದ ಹ್ವಾದೆ, ಅಲ್ಲಿಂದ ಎಲ್ಲಾ ಒಂದೊಂದ ಸರದು ಕೂತ್ವು."

"ಮತ್ತ ಏನ ಮಾಡಿದ್ರಿ?"

"ಏನ ಮಾಡೂದು, ಅತ್ತಿ ಬೈದ್ರು, ಬಿಚ್ಚಿದೆ. ಬಿಚ್ಚಾಕ ಬರ್ತೈತಿ ತಮ್ಮಾ, ಹರೀಲಿಲ್ಲಂದ್ರ ಸಾಕು."

ಹೊಸ ಊರು ಮಡ್ಡಿಯ ಮೇಲೆ ಗೆರೆ ಹೊಡೆದಂತೆ ಇತ್ತು. ಬೀದಿಗಳು ನೆಟ್ಟಗೆ, ಮರಗಳು ಮೊಣಕಾಲೆತ್ತರ. 37ರಲ್ಲಿ ತಗಡಿನ ಮಾಡಿನ ಮನೆ, ಮುಂದೆ ಎಮ್ಮೆ. ಸಹಿ ಮಾಡುವ ಬೀರಪ್ಪ ಮನೆಯಲ್ಲೇ ಇದ್ದ, ಐವತ್ತರ ಹತ್ತಿರದ ಮನುಷ್ಯ. ನಾನು ಕೇಳುವ ಮೊದಲೇ ಮೌಶಿ ನೀರು ಕೇಳಿ ಕಟ್ಟೆಯ ಮೇಲೆ ಕೂತರು.

"ನಿಮ್ಮ ಹೆಸರಿನಾಂವ ಈ ಊರಾಗ ಇನ್ನೊಬ್ಬ ಅದಾನೇನಪಾ?"

ಬೀರಪ್ಪ ನಕ್ಕ. "ಅದಾನ್ರಿ. ನನ್ನ ತಮ್ಮ. ನಮ್ಮಪ್ಪಗ ಇಬ್ಬರ ಹೇಣ್ತೇರು. ಮುತ್ಯಾ, ನಮ್ಮಪ್ಪನ ಅಪ್ಪ, ಸತ್ತ ವರ್ಷ ನಾ ಹುಟ್ಟಿದೆ, ಮೂರ ವರ್ಷದ ಮ್ಯಾಲ ಅಂವ ಹುಟ್ಟಿದ. ಮುತ್ಯಾನ ಹೆಸರ ಯಾರ ಬಿಡ್ತಾರ್ರಿ? ಇಬ್ಬರು ಅವ್ವಗೋಳೂ ಹಟಾ ಹಿಡದ್ರು. ಬೀರದೇವರಿಗಿ ಇಬ್ಬರೂ ನಡಕೊಂತಾರಂತ ಪೂಜಾರಿ ಎರಡೂ ಕೂಸಿಗಿ ಅದ ಹೆಸರ ಇಟ್ಟು ಕೈ ತೊಳಕೊಂಡ."

"ಮನಿಯಾಗ ಹೆಂಗ ಕರೀತಿದ್ರು?"

"ನಾ ಬೀರಪ್ಪ. ಅಂವ ಕುರಿ ಬೀರ್ಯಾ. ನಮಗೇನ ತ್ರಾಸ ಆಗಿಲ್ರಿ."

ನಾನು ವಿಷಯ ಹೇಳಿದೆ. ಎರಡು ಹೊಲಗಳೂ ಅವನ ಹೆಸರಲ್ಲೇ ಕಾಣುತ್ತಿವೆ, 112 ಖಾಲಿ ಎಂದು ಬರುತ್ತಿದೆ. ತಪ್ಪು ನನ್ನದು ಎಂದೂ ಹೇಳಿದೆನೆಂದು ನಂಬಿದ್ದೇನೆ. ಒಳಗಿನಿಂದ ಅವನ ಹೆಂಡತಿಯ ದನಿ ಬಂತು. "ಖಾಲಿ ಅಂತ ಬಂದ್ರ ಅದು ಯಾರಿಗಿ ಹೊಕ್ಕೈತ್ರಿ? ನಮ್ಮಂಥವ್ರು ಕೇಳಿದ್ರ ಕೊಡ್ತಾರೇನು?"

ಬೀರಪ್ಪ ಎಮ್ಮೆಯ ಕಡೆ ತಿರುಗಿ ಅದರ ಹಗ್ಗ ಬಿಗಿಯತೊಡಗಿದ. ಅವನ ಎರಡು ಗಂಡುಮಕ್ಕಳು ದೊಡ್ಡವರಾಗಿದ್ದರು, ಮನೆ ಸಣ್ಣದು. ತಮ್ಮ ವರ್ಷದ ಹೆಚ್ಚು ಕಾಲ ಕುರಿಯ ಹಿಂದೆ ಊರೂರು ತಿರುಗುವವನು. ಹಗ್ಗ ಬಿಗಿಯುವುದು ಎಷ್ಟು ಹೊತ್ತು ನಡೆಯಿತೋ ಹೇಳಲಾರೆ. ಬರೆಯುವಾಗ ಅದು ಉದ್ದವಾಗುತ್ತದೆ. ಮೌಶಿ ನೀರಿನ ತಂಬಿಗೆ ಕೆಳಗಿಟ್ಟು, "ಜಾಗಾ ತೋರಸು, ನೋಡೂಣು," ಎಂದರು.

112ರಲ್ಲಿ ಮನೆ ಇರಲಿಲ್ಲ. ಖಾಲಿ ಎಂದವರನ್ನು ತಪ್ಪು ಎನ್ನಲು ಕಣ್ಣಿಗೆ ಸಾಕ್ಷಿ ಇರಲಿಲ್ಲ. ಆದರೆ ನಾಲ್ಕು ಮೂಲೆಗೂ ಕಲ್ಲು ಪೇರಿಸಿತ್ತು. ಹಳೆಯ ಊರಿನ ಗೋಡೆಯಿಂದ ಕಿತ್ತು ತಂದ, ಸುಣ್ಣದ ಗುರುತಿದ್ದ ಕಲ್ಲುಗಳು. ಒಂದು ಮೂಲೆಯ ಕಲ್ಲಿಗೆ ದೇವರ ಭಂಡಾರದ ಅರಿಸಿನ ಹಚ್ಚಿತ್ತು.

"ಈ ಕಲ್ಲ ಯಾರ ಹಾಕ್ಯಾರ?" ಮೌಶಿ ಕೇಳಿದರು.

"ಇಬ್ಬರೂ ಕೂಡಿ ಹಾಕೇವ್ರಿ," ಎಂದ ಬೀರಪ್ಪ. ಹಾಗೆಂದವನು ಆ ಕಲ್ಲಿನ ಕಡೆ ನೋಡಿದ, ಆಮೇಲೆ ನನ್ನ ಕಡೆ. "ಅಂವ ಹಿಪ್ಪರಗಿ ಕಡಿ ಕಬ್ಬ ಕಡದ ಹೊಲದಾಗ ಕುರಿ ನಿಲ್ಸ್ಯಾನ. ನಾಳಿ ನಾ ಗಾಡಿ ಮ್ಯಾಲ ಹೋಗಿ ಹೇಳಿ ಬರ್ತೀನಿ. ಸೋಮವಾರ ಮುಂಜಾನೆ ಬರ್ತಾನ್ರಿ."

ಮರಳುವ ಬಸ್ಸಿನಲ್ಲಿ ಮೌಶಿ ನಿದ್ದೆ ಮಾಡಿದರು. ನಾನು ಎದುರಿನ ಸೀಟಿನ ಬೆನ್ನಿಗೆ ನೋಟ್‌ಬುಕ್ ಒತ್ತಿ ಹಿಡಿದು ಬರೆಯತೊಡಗಿದೆ. ಎರಡು ಡೇಟಾಬೇಸುಗಳ ನಡುವೆ ಮೂರನೆಯ ಒಂದು ಕೋಷ್ಟಕ ಬೇಕು. ಒಂದಕ್ಕೆ ಒಂದೇ ಸಿಕ್ಕರೆ ಜೋಡಿಸು. ಎರಡು ಸಿಕ್ಕರೆ ಯಾವುದನ್ನೂ ಜೋಡಿಸಬೇಡ, ಖಾಲಿ ಎಂದೂ ಬರೆಯಬೇಡ, ಎಲ್ಲವನ್ನೂ ಮೂರನೆಯದಕ್ಕೆ ತಂದು ಹಾಕು. ಅವರ ಮುಂದಿನ ಕಾಲಂನಲ್ಲಿ ಏನು ಬರೆಯುವುದು? ಬಾಕಿ ಎಂದು ಬರೆದು ಹೊಡೆದೆ. ಪರಿಶೀಲನೆಯಲ್ಲಿದೆ ಎಂದು ಬರೆದೆ. ಮೌಶಿಗೆ ಎಚ್ಚರವಾಗಿತ್ತು, ಬಗ್ಗಿ ಓದಿದರು.

"ಯಾರ ಪರಿಶೀಲನಿ ಮಾಡಾಕತ್ತಾರ?"

"ಯಾರೂ ಇಲ್ರಿ ಇನ್ನ."

"ಮತ್ತ ಸುಳ್ಳ ಯಾಕ ಬರೀತಿ? ಗೊತ್ತಿಲ್ಲ ಅಂತ ಬರಿ."

ಹಾಗೇ ಬರೆದೆ. ಭಾನುವಾರ ಇಡೀ ಹಗಲು ಕೂತು ಅದನ್ನು ಪ್ರೋಗ್ರಾಮಿಗೆ ಸೇರಿಸಿದೆ. ಆ ಪುಟಕ್ಕೆ ಇಳಿಬಿಟ್ಟವು ಎಂದು ಹೆಸರಿಟ್ಟೆ. ಸೋಮವಾರ ಬೆಳಿಗ್ಗೆ ಮಾಲೀಕರು ಅದನ್ನು ತೆರೆದು ನೋಡಿದರು. ಇಬ್ಬರು ಬೀರಪ್ಪರ ಜೊತೆ ಅದೇ ಊರಿನ ಇನ್ನೂ ಕೆಲವು ಹೆಸರುಗಳು ಅಲ್ಲಿ ಜೋತಾಡುತ್ತಿದ್ದವು.

"ಕಂಪ್ಯೂಟರ್ ಅಂದ್ರ ತಾನ ಮಾಡಬೇಕಲ್ಲೊ," ಎಂದರು ನನಗೆ. "ಇದನ್ನ ಮತ್ತ ಮನಷ್ಯಾರ ಕೂತು ಜೋಡಸೂದಾದ್ರ ನೀ ಯಾಕ ಬೇಕು?"

ಉತ್ತರ ಕೊಟ್ಟವರು ಮೌಶಿ. "ನಮ್ಮ ಬನಹಟ್ಯಾಗ ಮಗ್ಗ ಕರೆಂಟಿಲೆ ನಡೀತಾವ್ರಿ ಸರ್. ನಮ್ಮ ಮನ್ಯಾಗ ಕೆಚ್ಚೂದು ಇನ್ನೂ ಕೈಲೇ."

ಮಾಲೀಕರು ಮೊಬೈಲು ತೆಗೆದುಕೊಂಡು ಹೊರಗೆ ಹೋದರು. ಮೆಟ್ಟಿಲ ಹತ್ತಿರ ನಿಂತು ಯಾರಿಗೋ, ಇನ್ನು ಮೂರು ದಿನ ಬೇಕ್ರಿ, ನಮ್ಮ ಕಡೆಯದೇ ತಪ್ಪು, ಎನ್ನುವುದು ಕೇಳಿತು.

ಕುರಿ ಬೀರ್ಯಾ ಬಂದಾಗ ಹನ್ನೊಂದು ಗಂಟೆಯೋ ಏನೋ. ಕಂಬಳಿ ಹೆಗಲ ಮೇಲಿತ್ತು, ಅದರ ವಾಸನೆ ಮಹಡಿಯ ಕೋಣೆಯನ್ನೆಲ್ಲ ತುಂಬಿತು. ಕುರ್ಚಿಯಲ್ಲಿ ಕೂಡಲು ಒಲ್ಲೆನೆಂದು ಗೋಡೆಗೆ ಒರಗಿ ನಿಂತ. ಅರ್ಜಿಯ ಹಾಳೆ, ಶಾಯಿಯ ಪ್ಯಾಡು ಮುಂದಿಟ್ಟೆವು. ಅವನು ಎಡಗೈ ಹೆಬ್ಬೆಟ್ಟು ಒತ್ತಿದ. ನಡುವೆ ಅಡ್ಡಕ್ಕೆ ಬಿಳಿಯ ಗೆರೆ.

"ಕುರಿ ಕತ್ರಸೂ ಮುಂದ ಕತ್ತರಿ ತಾಗೈತ್ರಿ," ಎಂದ. ನಾವು ಮೂವರೂ ಆ ಗೆರೆಯನ್ನೇ ನೋಡುತ್ತಿದ್ದುದರಿಂದ ಅವನಿಗೆ ಮುಜುಗರವಾಗಿರಬೇಕು.

ಮೌಶಿ ಡಬ್ಬಿ ತೆಗೆದು, ಅವನ ಹೆಬ್ಬೆರಳಿಗೆ ಬೂದಿ ಹಾಕಿ, ಒರೆಸುವ ಬಟ್ಟೆಯಿಂದ ಶಾಯಿ ತಿಕ್ಕಿದರು. ಅವನು ತನ್ನ ಬೆರಳು ಬಿಟ್ಟು ಅವರ ಬೆರಳನ್ನು ನೋಡಿದ. "ಯಕ್ಕಾ, ನಿಮ್ಮ ಬಟ್ಟೂ ಜಡ್ಡ ಬಿದ್ದೈತಲ್ಲ. ನಿಮ್ಮವೂ ಕುರಿ ಅದಾವೇನ?"

"ನಮ್ಮ ಕುರಿ ಬ್ಯಾರೆ. ಮೇವ ತಿನ್ನಂಗಿಲ್ಲ, ಸದ್ದ ಭಾಳ ಮಾಡ್ತಾವ."

ಆಮೇಲೆ ನನ್ನ ಕುರ್ಚಿಯಲ್ಲಿ ಅವರೇ ಕೂತು, ಈ ಬೀರಪ್ಪನ ಹೊಲವನ್ನು 112ಕ್ಕೆ, ಆ ಬೀರಪ್ಪನ ಹೊಲವನ್ನು 37ಕ್ಕೆ ಜೋಡಿಸಿ ಕೀಲಿ ಒತ್ತಿದರು. ಖಾಲಿ ಎಂಬ ಮಾತು ಹೋಯಿತು. ಕುರಿ ಬೀರ್ಯಾ ಪರದೆಯ ಹತ್ತಿರ ಬಂದು, ಓದಲು ಬರದಿದ್ದರೂ ತನ್ನ ಹೆಸರು ಯಾವುದೆಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದ. ಅವನ ಬೆರಳಿನ ಬೂದಿ ಗಾಜಿನ ಮೇಲೆ ಉಳಿಯಿತು. ಇದು ತೀರ ಸೊಗಸಾಗಿದೆ. ಆ ದಿನ ಹೀಗೇ ಆಯಿತೆಂದು ನಾನು ಪ್ರಮಾಣ ಮಾಡಲಾರೆ. ಹೆಬ್ಬೆಟ್ಟಿನ ಗೆರೆ ಇತ್ತು, ಅವನ ಜಾಗ ಅವನಿಗೆ ಉಳಿಯಿತು. ಇಷ್ಟಕ್ಕೆ ಕಾಗದವಿದೆ.

ಮುಂದಿನ ಊರುಗಳ ಕೆಲಸದಲ್ಲಿ ಇಳಿಬಿಟ್ಟವರ ಪುಟವನ್ನು ಮೌಶಿಯೇ ನೋಡಿಕೊಂಡರು. ಫೋನಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ಬಸ್ಸಿನಲ್ಲಿ ಹೋಗಿ ಕೇಳಿ, ಒಬ್ಬೊಬ್ಬರನ್ನಾಗಿ ಕೂಡಿಸಿದರು. ಹೆಂಡತಿಯ ತವರಿನ ಹೆಸರಲ್ಲಿ ಹೊಲ, ಗಂಡನ ಮನೆಯ ಹೆಸರಲ್ಲಿ ಜಾಗ ಇದ್ದವರನ್ನು ಕಂಡುಹಿಡಿಯುವುದೆಂದರೆ ಅವರಿಗೆ ಹಬ್ಬ. "ಈಕಿ ಸಿಕ್ಕಳು," ಎಂದು ಕೂಗುತ್ತಿದ್ದರು, ಜಾತ್ರೆಯಲ್ಲಿ ಕೈ ತಪ್ಪಿದ ಮಗಳು ಸಿಕ್ಕಂತೆ. ನಾನು ಆಮೇಲೆ ಬೇರೆ ಬೇರೆ ಕಡೆ, ಬೇರೆ ಬೇರೆ ಡೇಟಾಬೇಸುಗಳ ಜೊತೆ ಕೆಲಸ ಮಾಡಿದ್ದೇನೆ. ಎಲ್ಲ ಕಡೆಯೂ ಆ ಮೂರನೆಯ ಕೋಷ್ಟಕ ಇಟ್ಟಿದ್ದೇನೆ. ಇದು ಯಾರ ಉಪಾಯ ಎಂದು ಕೇಳಿದವರಿಗೆ ಬನಹಟ್ಟಿಯ ಒಬ್ಬ ಹಿರಿಯ ಎಂಜಿನಿಯರರದು ಎಂದು ಒಮ್ಮೆ ಹೇಳಿದ್ದೆ. ಮೌಶಿಗೆ ಅದನ್ನು ತಿಳಿಸಿದಾಗ, "ಸುಳ್ಳ ಬೊಗಳಬ್ಯಾಡ," ಎಂದವರು ಸ್ವಲ್ಪ ತಡೆದು, "ಹಿರಿಯ ಅನ್ನೂದೊಂದ ಬಿಡು, ಉಳದದ್ದ ಇರಲಿ," ಎಂದರು.

ಅವರು ತೀರಿಕೊಂಡ ಸುದ್ದಿ ಮಗಳಿಂದ ಬಂತು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪಡಸಾಲೆಯಲ್ಲಿ ಮಗ್ಗಗಳು ನಿಂತಿದ್ದವು. ಏನು ಮಾತಾಡುವುದೆಂದು ತಿಳಿಯದೆ ನಾನು ಬೂದಿಯ ಡಬ್ಬಿಯ ಕಥೆ ಹೇಳಿದೆ. ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು.

"ಬೂದಿ ಮಗ್ಗದ ಮುಂದಷ್ಟ್ರಿ ಅಣ್ಣಾರ. ಆಫೀಸಿಗಿ ಅವ್ವ ಪೌಡರ್ ಒಯ್ತಿದ್ಲು. ಬೂದಿ ಒಯ್ದ್ರ ಮಂದಿ ನಗ್ತಾರಂತ ಅಂತಿದ್ಲು."

ಹಾಗಾದರೆ ಮಾಲೀಕರು ತಂಬಾಕಿಗೆ ತಿಕ್ಕಿದ್ದು ಏನು? ಮಾಲೀಕರನ್ನು ಕೇಳಿದೆ. ತಾವು ಆ ಕಾಲಕ್ಕೆ ತಂಬಾಕು ಬಿಟ್ಟೇ ಆಗಿತ್ತೆಂದರು. ನಾನು ಮೇಲೆ ಬರೆದದ್ದನ್ನು ತಿದ್ದಿಲ್ಲ. ಮಗಳು ಹೇಳಿದ್ದನ್ನೂ ಬಿಟ್ಟಿಲ್ಲ. ಎರಡೂ ಇರಲಿ.

ಅಂದು ಬನಹಟ್ಟಿಯಿಂದ ಮರಳುವಾಗ ನಾನು ನೇರ ಊರಿಗೆ ಹೋಗದೆ ಬೀಳಗಿಯ ಕಡೆ ಹೋದೆ. ಮೊಣಕಾಲೆತ್ತರದ ಬೇವಿನ ಗಿಡಗಳು ಮಾಡಿಗಿಂತ ಎತ್ತರವಾಗಿದ್ದವು. 112ರಲ್ಲಿ ಎರಡು ಖೋಲಿಯ ಮನೆ ಎದ್ದಿತ್ತು. ಬುನಾದಿಗೆ ಅವೇ ಸುಣ್ಣದ ಗುರುತಿನ ಕಲ್ಲುಗಳು. ಕುರಿ ಬೀರ್ಯಾ ಇರಲಿಲ್ಲ, ಕುರಿಯ ಹಿಂದೆ ಹೋಗಿದ್ದ. ಅವನ ಮೊಮ್ಮಗಳಿರಬೇಕು, ಕಟ್ಟೆಯ ಮೇಲೆ ಕೂತು ಪಾಟಿಯಲ್ಲಿ ಹೆಸರು ಬರೆಯುತ್ತಿದ್ದಳು. ನನ್ನನ್ನು ನೋಡಿ, ಯಾರು ಬೇಕಾಗಿತ್ತು ಎಂದು ಕೇಳಿದಳು. ಯಾರೂ ಇಲ್ಲ, ಮನೆ ನೋಡಲು ಬಂದೆ ಎಂದೆ. ಮನೆಯನ್ನು ಯಾಕೆ ನೋಡಬೇಕು ಎಂಬಂತೆ ನನ್ನ ಮುಖ ನೋಡಿ ಅವಳು ಒಳಗೆ ಹೋಗಿ ನೀರು ತಂದಳು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮೊದಲ ಊರಿನ ಪಟ್ಟಿ ಇದೆ. ಮೌಶಿ ತಾಳೆ ನೋಡುವ ಮೊದಲೇ, ನನ್ನ ಆ ಒಂದು ಸಾಲಿನ ಜೊತೆಗೇ ಕಚೇರಿಗೆ ಹೋದದ್ದು. ತಪ್ಪು ತಿಳಿದ ಮೇಲೆ ಕಚೇರಿಗೆ ಬರೆದುಕೊಟ್ಟೆವು. ಅವರು ಅರ್ಜಿಗಳ ಕಟ್ಟುಗಳನ್ನು ಮರಳಿ ಕಳಿಸಿದರು, ಒಂದು ಕಟ್ಟು ಬಿಟ್ಟು. ಬಂದ ಕಟ್ಟುಗಳನ್ನು ಮೌಶಿ ಮೂರು ವಾರ ಕೂತು ನೋಡಿದರು. ಒಂದು ಜೋಡಿ ಸಿಕ್ಕಿತು, ಅಕ್ಕತಂಗಿಯರು, ಒಬ್ಬರಾಗಿ ಕುಳಿತಿದ್ದವರು. ಅವರನ್ನು ಬಿಡಿಸಿದೆವು, ಜಾಗ ಇನ್ನೂ ಹಂಚಿರಲಿಲ್ಲ. ಬಾರದ ಆ ಒಂದು ಕಟ್ಟಿನ ಸಲುವಾಗಿ ಮತ್ತೆ ಬರೆದೆವು, ಮತ್ತೆ ಹೋದೆವು. ಅದು ಎಲ್ಲಿದೆಯೆಂದು ಯಾರಿಗೂ ಹೇಳಲಾಗಲಿಲ್ಲ.

ಅದರೊಳಗೆ ಇನ್ನೂ ಯಾರಾದರೂ ಇಬ್ಬರು ಒಬ್ಬರಾಗಿ ಉಳಿದಿದ್ದಾರೆಯೋ ಇಲ್ಲವೋ, ನನಗೆ ಗೊತ್ತಿಲ್ಲ.